ಏಳನೇ ಮೇಜಿನ ಐವತ್ತು ಚೀಟಿಗಳು

ಒಂದು ಕ್ಷೇತ್ರ ಸತ್ತರೆ ಯಾರೂ ಅಳುವುದಿಲ್ಲ. ನೆಲ ಇದ್ದಲ್ಲೇ ಇರುತ್ತದೆ, ಜನ ಇದ್ದಲ್ಲೇ ಇರುತ್ತಾರೆ, ಮೊದಲೂ ಉರಿಯದ ಬೀದಿದೀಪ ಈಗಲೂ ಉರಿಯುವುದಿಲ್ಲ. ಕ್ಷೇತ್ರಗಳ ಗಡಿ ಬರೆಯುವ ಆಯೋಗದ ನಾಲ್ಕು ಜನ ನಕ್ಷೆಯ ಮುಂದೆ ಕೂತು ಪೆನ್ಸಿಲಿನಲ್ಲಿ ಮೂರು ಗೆರೆ ಎಳೆಯುತ್ತಾರೆ, ಅಷ್ಟೆ. ಅವರು ಮಧ್ಯಾಹ್ನದ ಊಟಕ್ಕೆ ಏಳುವಷ್ಟರಲ್ಲಿ ಒಂದು ಕ್ಷೇತ್ರ ಪಕ್ಕದ ಮೂರು ಕ್ಷೇತ್ರಗಳ ಹೊಟ್ಟೆ ಸೇರಿರುತ್ತದೆ.

ನೂರ ಹದಿನಾಲ್ಕನೇ ಸಂಸತ್ ಕ್ಷೇತ್ರ ಹೀಗೆ ಹೋಗಿ ಇಪ್ಪತ್ತನಾಲ್ಕು ವರ್ಷವಾಗಿತ್ತು. ಅದು ಬದುಕಿದ್ದು ಇಪ್ಪತ್ತೊಂಬತ್ತು ವರ್ಷ. ಏಕಸದಸ್ಯ ಕ್ಷೇತ್ರ. ಅಂದರೆ ಮೂರು ಲಕ್ಷ ಜನ ಸೇರಿ ಒಬ್ಬರನ್ನು ಆರಿಸಿ ಕಳಿಸುವುದು, ಆಮೇಲೆ ಐದು ವರ್ಷ ಮೂರು ಲಕ್ಷ ಜನ ಸೇರಿ ಆ ಒಬ್ಬರನ್ನು ಹುಡುಕುವುದು.

ಊರಿನ ದಾಖಲೆ ಕಚೇರಿಯವರು ‘ಈಗಿಲ್ಲದ ಕ್ಷೇತ್ರಗಳು’ ಎಂಬ ಪುಸ್ತಕ ತರಲು ಹೊರಟಾಗ ಸತ್ತ ಒಂದೊಂದು ಕ್ಷೇತ್ರಕ್ಕೂ ಎರಡೆರಡು ಪುಟ ಹಂಚಿದರು. ನೂರ ಹದಿನಾಲ್ಕು ಬೈಂಡರ್ ಮಗಳ ಪಾಲಿಗೆ ಬಂತು. ಅವಳಿಗೆ ನಲವತ್ತೈದು ವರ್ಷ, ಆ ಕಚೇರಿಯಲ್ಲಿ ಇಪ್ಪತ್ತು ವರ್ಷದ ಸರ್ವೀಸು. ಆದರೂ ಅವಳ ಸ್ವಂತ ಹೆಸರು ಇದ್ದದ್ದು ಸಂಬಳದ ಪಟ್ಟಿಯಲ್ಲಿ ಮಾತ್ರ. ಅಪ್ಪ ಸರ್ಕಾರಿ ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದವರು. ಕಚೇರಿಯ ಕಪಾಟುಗಳಲ್ಲಿದ್ದ ಅರ್ಧಕ್ಕರ್ಧ ದಪ್ಪ ಪುಸ್ತಕಗಳ ಬೆನ್ನು ಅವರ ಕೈಯಲ್ಲಿ ಹೊಲಿದದ್ದು. ಹಾಗಾಗಿ ಮಗಳು ಬೈಂಡರ್ ಮಗಳಾಗಿಯೇ ಉಳಿದಳು.

ಪುಸ್ತಕದ ಸಂಪಾದಕರನ್ನು ಎಲ್ಲರೂ ಹಿಂದಿನಿಂದ ‘ಸದ್ಯಕ್ಕೆ ಸಾಹೇಬರು’ ಎನ್ನುತ್ತಿದ್ದರು. ಅವರ ಬಾಯಲ್ಲಿ ಯಾವುದೂ ಪೂರ್ತಿ ಆಗುತ್ತಿರಲಿಲ್ಲ, ಸದ್ಯಕ್ಕೆ ಆಗುತ್ತಿತ್ತು.

“ಸದ್ಯಕ್ಕೆ ಯಾರು ಗೆದ್ರು, ಎಷ್ಟರಲ್ಲಿ ಗೆದ್ರು, ಯಾವಾಗ ಹೋಯ್ತು. ಇಷ್ಟು ಸಾಕು,” ಎಂದರು ಅವರು. “ಶುಕ್ರವಾರ ನನ್ನ ಮೇಜಿನ ಮೇಲಿರ್ಲಿ. ಸತ್ತೋರ ಬಗ್ಗೆ ಜಾಸ್ತಿ ಮಾತಾಡಬಾರದು.”

ಮಗಳು ಬರೆಯತೊಡಗಿದಳು. ಏಳು ಚುನಾವಣೆ, ನಾಲ್ವರು ಸದಸ್ಯರು. ಮೊದಲ ಎರಡು ಸಲ ಗೆದ್ದವರು ಒಬ್ಬ ವೈದ್ಯರು. ಸದನದಲ್ಲಿ ಯಾರೇ ಎದ್ದು ಕೆಮ್ಮಿದರೂ ಔಷಧಿ ಬರೆದುಕೊಡುತ್ತಿದ್ದರಂತೆ; ಕ್ಷೇತ್ರದ ಕಾಯಿಲೆಗೆ ಮಾತ್ರ ವಿಶ್ರಾಂತಿ ಸೂಚಿಸಿದ್ದರು. ಮೂರನೆಯ ಸಲ ಬಸ್ಸಿನ ಮಾಲೀಕರು ಗೆದ್ದು, ಹತ್ತಿಸಿಕೊಂಡವರನ್ನೆಲ್ಲ ಅರ್ಧ ದಾರಿಯಲ್ಲಿ ಇಳಿಸಿದರು. ನಾಲ್ಕು, ಐದು, ಆರು ಮೂರೂ ಸಲ ಒಬ್ಬ ವಕೀಲರು. ಏಳನೆಯ ಸಲ ವಕೀಲರ ಭಾಮೈದ. ಅವರ ಬಗ್ಗೆ ದಾಖಲೆಗಳಲ್ಲಿ ಸಿಕ್ಕ ಒಂದೇ ಮಾಹಿತಿ, ಅವರು ವಕೀಲರ ಭಾಮೈದ ಎಂಬುದು.

ಗಮನಿಸಬೇಕಾದದ್ದು ನಾಲ್ಕನೆಯ ಚುನಾವಣೆ. ವಕೀಲರು ಮೊದಲ ಸಲ ಗೆದ್ದದ್ದು, ಅದೂ ಹತ್ತೊಂಬತ್ತು ಮತಗಳಲ್ಲಿ. ಸೋತವರು ಒಬ್ಬ ಶಾಲಾ ಮೇಷ್ಟ್ರು. ಅವರು ಇಟ್ಟಿಗೆಗೂಡಿನ ಬೀದಿಯಲ್ಲಿ ಸಂಜೆ ಪಾಠ ಮಾಡುತ್ತಿದ್ದವರು. ಹಗಲು ಇಟ್ಟಿಗೆ ಹೊತ್ತು ಬಂದವರಿಗೆ, ಅವರ ಹೆಂಡತಿಯರಿಗೆ, ಅತ್ತೆಯರಿಗೂ ಅಕ್ಷರ ಕಲಿಸಿದ್ದರು. ಆ ಬೀದಿ ಇಡಿಯಾಗಿ ಅವರದೇ ಎಂದು ಊರೆಲ್ಲ ಬಲ್ಲದು. ಆದರೆ ಎಣಿಕೆಯ ದಿನ ಆ ಬೀದಿಯ ಮತಗಟ್ಟೆಗಳ ಲೆಕ್ಕ ಕೂಡಲಿಲ್ಲ. ಮತದಾರರಿಗೆ ಕೊಟ್ಟ ಚೀಟಿಗಳಿಗಿಂತ ಪೆಟ್ಟಿಗೆಯಲ್ಲಿ ಸಿಕ್ಕ ಚೀಟಿಗಳು ಐವತ್ತು ಕಡಿಮೆ. ಅಧಿಕಾರಿಗಳು ಅದಕ್ಕೆಂದೇ ಇದ್ದ ಕಾಲಮ್ಮಿನಲ್ಲಿ ಬರೆದರು: ‘ಮತದಾರರು ಪೆಟ್ಟಿಗೆಗೆ ಹಾಕದೆ ಒಯ್ದ ಚೀಟಿ – ೫೦.’

ಮರುದಿನದ ಪತ್ರಿಕೆ ಇನ್ನೂ ಚುಟುಕಾಗಿ ಬರೆಯಿತು: ‘ಐವತ್ತು ಮತ ಜೇಬಿಗೆ, ಮೇಷ್ಟ್ರು ಮನೆಗೆ.’

ಅಂದಿನಿಂದ ಇಟ್ಟಿಗೆಗೂಡಿನ ಬೀದಿ ಜೇಬುಬೀದಿಯಾಯಿತು. ಗೂಡುಗಳು ಮುಚ್ಚಿ ಮೂವತ್ತು ವರ್ಷವಾಗಿ, ಇಟ್ಟಿಗೆ ಎಂಬ ಮಾತೇ ಅಲ್ಲಿಂದ ಅಳಿಸಿಹೋದರೂ ಜೇಬು ಅಳಿಸಲಿಲ್ಲ. ‘ಜೇಬುಬೀದಿಯವರ ಕೈ ಕುಲುಕಿದರೆ ಆಮೇಲೆ ಬೆರಳು ಎಣಿಸಿಕೋ’ ಎಂಬುದು ಊರಿನಲ್ಲಿ ಹುಟ್ಟಿದ ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುವ ಗಾದೆ. ಬೈಂಡರ್ ಮಗಳೂ ಕಲಿತಿದ್ದಳು. ಎಲ್ಲೋ ಒಂದೆರಡು ಸಲ ಅಂದೂ ಇದ್ದಳು.

ಈ ಕಥೆ ಊರಿಗೆಲ್ಲ ಗೊತ್ತಿದ್ದರೂ ಅವಳ ಮನೆಯಲ್ಲಿ ಅದಕ್ಕೆ ಬೇರೆಯದೇ ಬೆಳಕು ಇತ್ತು. ಆ ಬೀದಿಯ ಪೆಟ್ಟಿಗೆಗಳನ್ನು ಎಣಿಸಿದ್ದು ಏಳನೇ ಮೇಜು. ಏಳನೇ ಮೇಜಿನ ಮುಖ್ಯಸ್ಥರು ಅವಳ ಅಪ್ಪ.

ಆಗೆಲ್ಲ ಎಣಿಕೆಗೆ ಸರ್ಕಾರಿ ನೌಕರರನ್ನು ಎಲ್ಲಿಂದಲಾದರೂ ಹಿಡಿದು ತರುತ್ತಿದ್ದರು. ಉಳಿದ ಮೇಜುಗಳಲ್ಲಿ ಗುಮಾಸ್ತರು, ಸರ್ವೆಯವರು. ಏಳನೆಯದಕ್ಕೆ ಮುದ್ರಣಾಲಯದ ನಾಲ್ವರು ಬೈಂಡರುಗಳು. ಕಾಗದ ಎಣಿಸುವುದೇ ಕಸುಬಾದವರು ಎಣಿಸಲು ಕೂತರೆ ಏನಾಗಬೇಕೋ ಅದೇ ಆಯಿತು. ಬೇರೆಯವರು ಹೆಬ್ಬೆರಳು ನೆಕ್ಕಿ ನೆಕ್ಕಿ ನಾಲಗೆ ಒಣಗಿಸಿಕೊಳ್ಳುವಷ್ಟರಲ್ಲಿ ಇವರು ಐವತ್ತೈವತ್ತರ ಕಟ್ಟು ಕಟ್ಟಿ ಮುಗಿಸಿ ಕೈ ಒರೆಸಿಕೊಂಡು ಕೂತಿದ್ದರು.

“ಮರು ಎಣಿಕೆ ಮಾಡಿ ಅಂತ ಮೇಷ್ಟ್ರು ಕಡೆಯೋರು ಕೇಳಿದ್ರು ನೋಡು,” ಎಂದು ಎಪ್ಪತ್ತೊಂಬತ್ತರ ಬೈಂಡರ್ ಈಗಲೂ ಊಟದ ಮಧ್ಯೆ ಶುರುಮಾಡುತ್ತಿದ್ದರು. “ಎಲ್ಲಾ ಮೇಜಿನ ಕಟ್ಟೂ ಬಿಚ್ಚಿದ್ರು. ನಮ್ಮದಕ್ಕೆ ಬಂದಾಗ ದೊಡ್ಡ ಅಧಿಕಾರಿ ಒಂದು ಕಟ್ಟು ಎತ್ಕೊಂಡು ಹಿಂಗೆ ತಿರುಗಿಸಿ ನೋಡಿದ್ರು. ನಾಲ್ಕೂ ಮೂಲೆ ಚಾಕುವಿನ ಅಂಚಿನ ಹಾಗೆ. ‘ಈ ಗಂಟು ಬಿಚ್ಚೋಕ್ಕೆ ಮನಸ್ಸು ಬರಲ್ಲ ಕಣ್ರೀ, ಬರೀ ಕಟ್ಟು ಎಣಿಸಿ ಸಾಕು’ ಅಂದ್ರು. ನೂರಾರು ಜನರ ಎದುರಿಗೆ.”

“ಗೊತ್ತಪ್ಪ.”

“ಗೊತ್ತು ಅಂತ ಊಟ ಬಿಡ್ತೀಯಾ? ಅದೂ ದಿನಾ ಅದೇ ತಾನೆ.”

ಆ ಸಲ ಅವಳು ನಕ್ಕು ಸುಮ್ಮನಾಗಲಿಲ್ಲ. “ಈ ಸಲ ನಿನ್ನ ಮೇಜು ಪುಸ್ತಕದಲ್ಲಿ ಬರುತ್ತೆ ಅಪ್ಪ,” ಎಂದಳು. ಅವರು ತಟ್ಟೆಯಿಂದ ಕೈ ಎತ್ತಿ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದರು. ಮೂವತ್ತಾರು ವರ್ಷ ಬೇರೆಯವರ ಪುಸ್ತಕಗಳ ಬೆನ್ನು ಹೊಲಿದವರು. ಪುಟದ ಒಳಗೆ ಅವರು ಹೋಗಿರಲಿಲ್ಲ. “ಮೇಜು ನಂಬರು ಸರಿಯಾಗಿ ಹಾಕು. ಏಳು,” ಎಂದು ಮತ್ತೆ ತಟ್ಟೆಗೆ ತಲೆ ಬಗ್ಗಿಸಿದರು. ಅಂದು ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

ಇನ್ನು ಫೈಲಕ್ಕ. ದಾಖಲೆ ಕಚೇರಿಯ ನೆಲಮಾಳಿಗೆಯಿಂದ ಕಡತ ತರುವುದು, ಒಯ್ಯುವುದು, ಝೆರಾಕ್ಸ್ ಮಾಡುವುದು ಅವಳ ಕೆಲಸ. ಐವತ್ತೆರಡರ ಹೆಂಗಸು, ನೆಟ್ಟಗಿನ ನಡಿಗೆ, ಹರಿತವಾದ ನಾಲಗೆ. ಜೇಬುಬೀದಿಯವಳು. ಕಚೇರಿಯಲ್ಲಿ ಪೆನ್ನು ಕಾಣದಿದ್ದರೆ, ಸ್ಟೇಪ್ಲರ್ ಕಾಣದಿದ್ದರೆ, ಯಾರದೋ ಛತ್ರಿ ಕಾಣದಿದ್ದರೆ ಎಲ್ಲರೂ ಅವಳ ಕಡೆ ತಿರುಗಿ ನಗುತ್ತಿದ್ದರು. ತಮಾಷೆಗೆ. ತಮಾಷೆ ಎಂದು ಅವಳಿಗೂ ಗೊತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯಲ್ಲ ಅವಳು. ಹೆಗಲನ್ನೇ ಮುಂದೆ ಮಾಡಿ, “ನೋಡ್ಕೊಳಿ ಸಾರ್, ಬಳ್ಳಿ ಸಮೇತ ಇದೆ,” ಎನ್ನುತ್ತಿದ್ದಳು.

ಗುರುವಾರ ಬೆಳಗ್ಗೆ ನೂರ ಹದಿನಾಲ್ಕರ ಕರಡು ಹಿಡಿದು ಬೈಂಡರ್ ಮಗಳು ಝೆರಾಕ್ಸ್ ಕೋಣೆಗೆ ಹೋದಳು. ಯಂತ್ರದಲ್ಲಿ ಕಾಗದ ಮುಗಿದಿತ್ತು. ಗೋಡೆ ಬದಿಯ ಕಾಗದದ ರಾಶಿಯಿಂದ ಒಂದಷ್ಟು ಎತ್ತಿ ಫೈಲಕ್ಕನ ಕೈಗಿಟ್ಟಳು.

“ಐವತ್ತಿದೆ ಅಕ್ಕ.”

ಫೈಲಕ್ಕ ತೆಗೆದುಕೊಂಡು ಯಂತ್ರಕ್ಕೆ ಹಾಕಲಿಲ್ಲ. ಕಿಟಕಿಯ ಕಟ್ಟೆಯ ಮೇಲಿಟ್ಟು ಒಂದೊಂದೇ ಎಣಿಸತೊಡಗಿದಳು.

“ನಾನೇ ಎಣಿಸಿದೀನಲ್ಲ.”

“ನೀವು ಎಣಿಸಿದ್ರಿ, ನಾನು ಇಸ್ಕೊಂಡೆ. ಆಮೇಲೆ ಕಮ್ಮಿ ಬಂದ್ರೆ ಯಾರ ಮುಖ ನೋಡ್ತಾರೆ? ಜೇಬುಬೀದಿಯೋರು ಎಣಿಸದೆ ಏನೂ ಇಸ್ಕೊಳ್ಳಲ್ಲ ಮೇಡಂ. ನಮ್ಮಮ್ಮ ಹಾಲು ಇಸ್ಕೊಂಡ್ರೂ ತೊಟ್ಟು ಎಣಿಸೋಳು.” ಕೊನೆಯ ಹಾಳೆಯನ್ನು ಬೆರಳಿನಿಂದ ಮಡಿಸಿ ಬಿಟ್ಟಳು. “ಐವತ್ತೊಂದು.”

“ಒಂದು ಜಾಸ್ತಿ ಬಂತಾ?”

“ಬಂತಾ ಅಂತೀರಲ್ಲ. ನಿಮ್ಮದು ಯಾವಾಗ್ಲೂ ಐವತ್ತೊಂದೇ. ಇಷ್ಟು ವರ್ಷದಲ್ಲಿ ಒಂದು ಸಲನೂ ಐವತ್ತು ಕೊಟ್ಟಿಲ್ಲ ನೀವು. ಮೊದಮೊದಲು ನನ್ನ ಪರೀಕ್ಷೆ ಮಾಡ್ತಿದೀರ ಅಂದ್ಕೊಂಡಿದ್ದೆ. ಆಮೇಲೆ ಧಾರಾಳ ಕೈ, ಇರ್ಲಿ ಅಂತ ಸುಮ್ನಾದೆ.”

ಬೈಂಡರ್ ಮಗಳು ನಗಲು ಹೋದಳು. ನಗು ಬಾಯವರೆಗೂ ಬಂದು ಅಲ್ಲೇ ನಿಂತಿತು. ಕೈ ಅಪ್ಪನದು. ಚಿಕ್ಕಂದಿನಲ್ಲಿ ಬೇಸಿಗೆ ರಜೆಯಲ್ಲಿ ಬೈಂಡಿಂಗ್ ವಿಭಾಗದ ಬೆಂಚಿನ ಮೇಲೆ ಕೂರಿಸಿ ಅಪ್ಪನೇ ಕಲಿಸಿದ್ದು. ಐದೈದರಂತೆ ಹತ್ತು ಸಲ ಎತ್ತು, ಆಮೇಲೆ ಮೇಲೊಂದು ಹಾಕು.

ಕರಡು ಅಲ್ಲೇ ಬಿಟ್ಟು ತನ್ನ ಮೇಜಿಗೆ ಹೋದಳು. ನಾಲ್ಕನೆಯ ಚುನಾವಣೆಯ ಎಣಿಕೆ ಪಟ್ಟಿ ತೆಗೆದಳು. ಏಳನೇ ಮೇಜಿನ ಸಾಲು ಅಪ್ಪನ ದುಂಡು ಅಕ್ಷರದಲ್ಲೇ ಇತ್ತು. ಮೇಷ್ಟ್ರು: ನಲವತ್ತು ಕಟ್ಟು, ಬಿಡಿ ಹದಿನೇಳು. ವಕೀಲರು: ಹತ್ತು ಕಟ್ಟು, ಬಿಡಿ ಎರಡು. ಒಟ್ಟು ಐವತ್ತು ಕಟ್ಟು. ಅದರ ಕೆಳಗೆ ಬೇರೆ ಶಾಯಿಯಲ್ಲಿ, ಬೇರೆ ಕೈಯಲ್ಲಿ: ಮತದಾರರು ಒಯ್ದ ಚೀಟಿ ಐವತ್ತು.

ಕಟ್ಟಿಗೊಂದು.

ಲೆಕ್ಕ ಮಾಡಲು ಕಾಗದ ಬೇಕಾಗಿರಲಿಲ್ಲ, ಆದರೂ ಮಾಡಿದಳು. ಒಂದೊಂದು ಕಟ್ಟಿನಲ್ಲೂ ಐವತ್ತೊಂದು ಇದ್ದರೆ, ಮೇಷ್ಟ್ರ ನಲವತ್ತು ಮತ ಎಣಿಕೆಗೆ ಬಂದಿಲ್ಲ. ವಕೀಲರ ಹತ್ತು ಬಂದಿಲ್ಲ. ಮೇಷ್ಟ್ರು ಕಳೆದುಕೊಂಡದ್ದು ವಕೀಲರಿಗಿಂತ ಮೂವತ್ತು ಹೆಚ್ಚು. ಅವರು ಸೋತದ್ದು ಹತ್ತೊಂಬತ್ತರಲ್ಲಿ. ಹಾಗಾದರೆ ಅವರು ಸೋಲಲಿಲ್ಲ, ಹನ್ನೊಂದರಲ್ಲಿ ಗೆದ್ದರು.

ಯಾರೂ ಯಾವ ಚೀಟಿಯನ್ನೂ ಜೇಬಿಗಿಟ್ಟಿರಲಿಲ್ಲ. ಐವತ್ತೂ ಕಟ್ಟುಗಳ ಒಳಗೇ ಇದ್ದವು, ಮೂಲೆಗಳು ಚಾಕುವಿನ ಅಂಚಿನ ಹಾಗೆ. ಐವತ್ತು ಕಟ್ಟಿನಿಂದ ಊರು ಒಂದು ಕಟ್ಟುಕತೆ ಕಟ್ಟಿಕೊಂಡು ನಲವತ್ತೊಂದು ವರ್ಷ ಓದಿತ್ತು.

ಚೀಟಿಗಳನ್ನು ಚುನಾವಣೆಯ ಮರುವರ್ಷವೇ ನಿಯಮದ ಪ್ರಕಾರ ಸುಟ್ಟಿದ್ದರು. ಮೇಷ್ಟ್ರು ಹೋಗಿ ಹದಿನಾರು ವರ್ಷ, ವಕೀಲರು ಹೋಗಿ ಒಂಬತ್ತು. ಉಳಿದ ಮೂವರು ಬೈಂಡರುಗಳೂ ಇಲ್ಲ. ಇದನ್ನು ನಿಜ ಎಂದು ಹೇಳಬಲ್ಲ ಮನುಷ್ಯ ಇಡೀ ಲೋಕದಲ್ಲಿ ಒಬ್ಬರೇ, ಅವರು ಮನೆಯಲ್ಲಿ ತಮ್ಮ ಮೇಜು ಪುಸ್ತಕದಲ್ಲಿ ಬರುವುದನ್ನು ಕಾಯುತ್ತಿದ್ದರು. ಬರೆದರೆ ಅಪ್ಪನ ಬದುಕಿನ ಒಂದೇ ಒಂದು ಹೆಮ್ಮೆಯ ಬೆನ್ನು ಮುರಿಯುತ್ತದೆ. ಬರೆಯದಿದ್ದರೆ ‘ಮತದಾರರು ಒಯ್ದರು’ ಎಂಬುದು ಅವಳದೇ ಕೈಯಿಂದ, ದಪ್ಪ ರಟ್ಟಿನ ನಡುವೆ, ಇನ್ನೊಮ್ಮೆ ಅಚ್ಚಾಗುತ್ತದೆ.

ಸಂಜೆ ಮನೆಗೆ ಬಂದವಳು ಚೀಲ ಇಳಿಸದೆ ಕೇಳಿದಳು, “ಅಪ್ಪ, ಎಣಿಕೆ ದಿನ ಕಟ್ಟಿಗೆ ಎಷ್ಟು ಹಾಕಿದ್ರಿ?”

“ಐವತ್ತು. ಇದೇನು ಹೊಸದಾಗಿ.”

“ಮೇಲ್ಹಾಳೆ ಸೇರಿಸಿಯಾ, ಬಿಟ್ಟಾ?”

ಪ್ರಶ್ನೆ ಬೈಂಡರಿಗೆ ತಕ್ಷಣ ಅರ್ಥವಾಯಿತು. ಮುದ್ರಣಾಲಯದಲ್ಲಿ ಐವತ್ತು ಹಾಳೆಯ ಕಟ್ಟಿನ ಮೇಲೆ ಯಾವಾಗಲೂ ಇನ್ನೊಂದು ಹಾಳೆ ಇರುತ್ತದೆ. ಬಿಗಿದ ದಾರ ಮೇಲಿನ ಹಾಳೆಯನ್ನು ಕೊರೆಯುತ್ತದೆ, ಗೋಂದಿನ ಕೈ ಅದಕ್ಕೇ ಮೆತ್ತುತ್ತದೆ. ಹಾಳಾಗಲೆಂದೇ ಇಡುವ ಹಾಳೆ ಅದು. ಅದನ್ನು ಲೆಕ್ಕಕ್ಕೆ ಹಿಡಿಯುವವನು ಹೊಸಬ.

“ನನಗೇನು ತಲೆ ಕೆಟ್ಟಿತ್ತಾ?” ಎಂದರು ಕೊನೆಗೆ. “ಚೀಟಿಗೂ ಕಾಗದಕ್ಕೂ ವ್ಯತ್ಯಾಸ ಗೊತ್ತಾಗದಷ್ಟು ದಡ್ಡನಾ ನಿಮ್ಮಪ್ಪ? ಹಳೇ ಕ್ಯಾಲೆಂಡರ್ ತಗೊಂಡು ಬಾ. ಕತ್ತರಿ ತಾ.”

ಇಬ್ಬರೂ ಕೂತು ಕ್ಯಾಲೆಂಡರ್, ಹಳೆಯ ನೋಟೀಸು, ಪತ್ರಿಕೆ ಎಲ್ಲ ಅಂಗೈಯಗಲ ಕತ್ತರಿಸಿ ರಾಶಿ ಹಾಕಿದರು. ಬೈಂಡರ್ ಕನ್ನಡಕ ಹಾಕಿಕೊಂಡು, ತೋಳು ಮಡಿಸಿ, ಜೋರಾಗಿ ಎಣಿಸುತ್ತ ಎತ್ತತೊಡಗಿದರು. ಐದು, ಹತ್ತು, ಹದಿನೈದು. ನಲವತ್ತೈದು, ಐವತ್ತು. ಮೇಜಿಗೆ ಎರಡು ಸಲ ಕುಟ್ಟಿ ಅಂಚು ಕೂಡಿಸಿ, ದಾರ ಸುತ್ತಿ, ಗಂಟು ಹಾಕಿ ಅವಳತ್ತ ತಳ್ಳಿದರು. ಗಂಟು ಹಳೆಯ ಹಾಗೇ ಬಿಗಿಯಾಗಿತ್ತು.

“ಎಣಿಸು.”

ಅವಳು ಬಿಚ್ಚಿ ಎಣಿಸಿದಳು. “ಐವತ್ತೊಂದು.”

“ನೀನು ತಪ್ಪು ಎಣಿಸಿದೆ. ಇನ್ನೊಂದು ಕಟ್ತೀನಿ.”

ಎರಡನೆಯದೂ ಐವತ್ತೊಂದು. ಮೂರನೆಯದನ್ನು ಕಟ್ಟುವಾಗ ಅವರು ತಮ್ಮ ಬಲಗೈಯನ್ನೇ ಬೇರೆ ಯಾರದೋ ಕೈ ಎಂಬಂತೆ ಕಣ್ಣಿಟ್ಟು ನೋಡುತ್ತಿದ್ದರು. ಬಾಯಿ ಐವತ್ತು ಎಂದಿತು. ಎಡಗೈ ಕಟ್ಟು ಹಿಡಿಯಿತು. ಬಲಗೈ ದಾರಕ್ಕೆಂದು ಹೋಗುತ್ತ ಹೋಗುತ್ತ, ದಾರಿಯಲ್ಲಿ ಪರಿಚಯದವರನ್ನು ಮಾತಾಡಿಸುವಂತೆ, ರಾಶಿಯಿಂದ ಒಂದು ಚೂರು ಎತ್ತಿ ಮೇಲೆ ಇಟ್ಟಿತು.

ಅವರು ದಾರ ಕೆಳಗಿಟ್ಟರು. ಆ ಚೂರನ್ನು ಎತ್ತಿ ಹಿಂದೆ ಮುಂದೆ ನೋಡಿದರು.

“ಪ್ರೆಸ್ಸಲ್ಲಿ ಇದು ರದ್ದಿ ಕಣೇ,” ಎಂದರು. “ಅಲ್ಲಿ ಇದು ಒಬ್ಬ ಮನುಷ್ಯ.”

ಚೂರನ್ನು ರಾಶಿಗೆ ಮರಳಿಸಿ, “ಬರೀತೀಯಾ?” ಎಂದು ಕೇಳಿದರು.

“ನೀನು ಹೇಳಿದ್ರೆ ಬರೀಬಹುದು. ನೀನು ಹೇಳ್ದೆ ಬರೆದ್ರೆ ನನ್ನ ಊಹೆ ಅಂತಾರೆ.”

“ನಲವತ್ತೊಂದು ವರ್ಷ ಆಯ್ತು. ಕ್ಷೇತ್ರನೇ ಇಲ್ಲ. ಗೆದ್ದೋರೂ ಇಲ್ಲ, ಸೋತೋರೂ ಇಲ್ಲ. ಈಗ ಯಾರಿಗೇನು ಆಗ್ಬೇಕು ಅದರಿಂದ?”

ವಾದ ಮಾಡುವ ಸ್ವರವಲ್ಲ ಅದು. ಉತ್ತರ ಬೇಡ ಎಂದು ಬೇಡುವ ಸ್ವರ. ಅವಳಿಗೆ ಸುಮ್ಮನಿರಬೇಕು ಎನಿಸಿತು. ಆದರೂ ಫೈಲಕ್ಕ ಕಿಟಕಿಯ ಕಟ್ಟೆಯ ಮೇಲೆ ಕಾಗದ ಎಣಿಸಿದ್ದನ್ನು ಹೇಳಿದಳು. ಹಾಲಿನ ತೊಟ್ಟಿನ ಮಾತನ್ನೂ ಹೇಳಿದಳು.

“ದಿನಾ ಎಣಿಸ್ತಾಳಾ?”

“ಏನು ಕೊಟ್ರೂ.”

ಬೈಂಡರ್ ಕತ್ತರಿಸಿದ ಚೂರುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಊಟ ಬೇಡವೆಂದು ಮಲಗಿದರು.

ಶುಕ್ರವಾರ ಮಗಳು ಕಚೇರಿಗೆ ಹೊರಡುವಾಗ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು.

ಸದ್ಯಕ್ಕೆ ಸಾಹೇಬರು ಪೂರ್ತಿ ಕೇಳಿಸಿಕೊಂಡರು. ಕೇಳಿ, ಎರಡೂ ಕೈಯಿಂದ ಹಣೆ ಒತ್ತಿಕೊಂಡರು.

“ಯಜಮಾನ್ರೆ, ನಿಮ್ಮ ಮೇಲೆ ಗೌರವ ಇದೆ. ಆದ್ರೆ ವಕೀಲರು ಮೂರು ಸಲ ಸಂಸತ್ತಿಗೆ ಹೋಗಿ ಬಂದಿದಾರೆ. ಅದರಲ್ಲಿ ಒಂದು ಸಲ ಹೋಗಿದ್ದು ಸುಳ್ಳು ಅಂತ ನಾನು ಹೇಗೆ ಅಚ್ಚು ಹಾಕ್ಲಿ? ಚೀಟಿ ಇಲ್ಲ, ಸಾಕ್ಷಿ ಇಲ್ಲ.”

“ಸಾಕ್ಷಿ ನಾನಿದೀನಲ್ಲ.”

“ನೀವು ಆರೋಪಿ ಯಜಮಾನ್ರೆ. ಆರೋಪಿನೇ ಸಾಕ್ಷಿ ಹೇಳಿದ್ರೆ ಅದನ್ನ ಏನಂತಾರೆ ಅಂತ ನನಗೆ ಗೊತ್ತಿಲ್ಲ.”

“ತಪ್ಪೊಪ್ಪಿಗೆ ಅಂತಾರೆ ಸಾರ್,” ಎಂದಳು ಮಗಳು. “ಗೆದ್ದೋರ ಹೆಸರು ಬದಲಾಯಿಸೋದು ಬೇಡ. ಅದು ಆಗಿಹೋಯ್ತು. ಆ ಐವತ್ತು ಚೀಟಿ ಎಲ್ಲಿದ್ವು ಅನ್ನೋದಷ್ಟು ಬರೀತೀನಿ. ಲೆಕ್ಕ ಓದೋರು ಮಾಡ್ಕೊಳ್ತಾರೆ.”

ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೊರಗಿ ಸೀಲಿಂಗಿನ ಅಭಿಪ್ರಾಯ ಕೇಳುವಂತೆ ಮೇಲೆ ನೋಡಿದರು. ಸೀಲಿಂಗು ಸದ್ಯಕ್ಕೆ ಒಪ್ಪಿರಬೇಕು. “ಸದ್ಯಕ್ಕೆ ಒಂದು ವಾಕ್ಯ,” ಎಂದರು. “ಅಡಿಟಿಪ್ಪಣಿಯಲ್ಲಿ. ಯಾರ ಕಡೆಗೂ ಬೆರಳು ಮಾಡಬಾರ್ದು. ‘ಎಣಿಕೆಯ ಸಮಯದಲ್ಲಿ ಮೇಜೊಂದರಲ್ಲಿ ಉಂಟಾದ ಲೋಪದಿಂದ’ ಅಂತ ಶುರುಮಾಡಿ.”

“ಬೇಡ,” ಎಂದರು ಬೈಂಡರ್.

“ಯಾಕೆ?”

“ಮೇಜಿಗೆ ಕೈ ಇರಲ್ಲ ಸಾರ್. ನಲವತ್ತೊಂದು ವರ್ಷ ಒಂದು ಬೀದಿ ಮೇಲೆ ಬೆರಳು ಮಾಡಿದೀರಿ, ಆಗ ಯಾರಿಗೂ ಮುಜುಗರ ಆಗಿಲ್ಲ. ಸರ್ಕಾರಿ ಪ್ರೆಸ್ಸಿನ ಬೈಂಡರ್ ಕಟ್ಟಿದ ಕಟ್ಟಲ್ಲಿ ಒಂದೊಂದು ಚೀಟಿ ಜಾಸ್ತಿ ಇತ್ತು, ಬೀದಿಯೋರು ಯಾರೂ ಚೀಟಿ ಒಯ್ದಿಲ್ಲ ಅಂತ ಹಾಕಿ. ಅಡಿಯಲ್ಲಿ ಬೇಡ. ಅಲ್ಲಿ ಯಾರೂ ಓದಲ್ಲ, ನನಗೆ ಗೊತ್ತು. ಎಷ್ಟು ಪುಸ್ತಕ ಹೊಲಿದಿದೀನಿ.”

ಬಾಗಿಲಲ್ಲಿ ಕಡತ ಎದೆಗವಚಿಕೊಂಡು ಫೈಲಕ್ಕ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಯಾರೂ ನೋಡಿರಲಿಲ್ಲ. ಬೈಂಡರ್ ತಿರುಗಿದರು. ಆಕೆ ಯಾರೆಂದು ಮಗಳು ಹೇಳಬೇಕಾಗಲಿಲ್ಲ. ಮುದುಕರು ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

“ತಪ್ಪು ನಂದಮ್ಮ,” ಎಂದರು. “ನಿಮ್ಮೋರದಲ್ಲ.”

ಫೈಲಕ್ಕ ಅಳುತ್ತಾಳೆ ಎಂದು ಮಗಳು ಅಂದುಕೊಂಡಿದ್ದಳು. ಅವಳು ಅಳಲಿಲ್ಲ. ಕಡತವನ್ನು ಸಾಹೇಬರ ಮೇಜಿನ ಮೇಲೆ, ಅಂಚಿಗೆ ಸರಿಯಾಗಿ, ನಿಧಾನವಾಗಿ ಇಟ್ಟಳು.

“ನನಗೆ ಹನ್ನೊಂದು ವರ್ಷ ಆಗ,” ಎಂದಳು. “ಎಣಿಕೆ ಆದ ಮಾರನೇ ದಿನ ಮನೆಮನೆಗೆ ಬಂದು ಡಬ್ಬ ಎಲ್ಲಾ ಸುರಿಸಿ ನೋಡಿದ್ರು. ನಮ್ಮಜ್ಜಿ ಹಾಸಿಗೆ ಹೊಲಿಗೆ ಬಿಚ್ಚಿದ್ರು. ಆಮೇಲಿನ ಮೂರು ಚುನಾವಣೇಲೂ ನಮ್ಮ ಬೂತಲ್ಲಿ ಪೆಟ್ಟಿಗೆ ಪಕ್ಕ ಪೊಲೀಸಿನೋನು ನಿಂತು, ಹಾಕಿದ್ಮೇಲೆ ಅಂಗೈ ತೋರಿಸಿ ಅನ್ನೋನು. ನಮ್ಮಪ್ಪ ಅಂಗೈ ತೋರಿಸಲ್ಲ ಅಂತ ವೋಟೇ ಬಿಟ್ಟ.” ಉಸಿರು ತೆಗೆದುಕೊಂಡಳು. “ನನ್ನೊಬ್ಬಳಿಗೆ ಹೇಳಿದ್ರೆ ಆಗಲ್ಲ. ಬೀದಿಗೆ ಬಂದು ಹೇಳ್ತೀರಾ?”

“ಬರ್ತೀನಿ.”

“ಬೈತಾರೆ.”

“ಬೈಲಿ.”

ಸಾಹೇಬರು ವಾಕ್ಯವನ್ನು ಅಡಿಯಿಂದ ಮೇಲಕ್ಕೆ ಎತ್ತಿಸಿದರು. ಜಾಗ ಸಾಲದೆ ವಕೀಲರ ಭಾಮೈದನ ಮೂರು ಸಾಲಿನಲ್ಲಿ ಎರಡು ಕಡಿದರು. ಭಾಮೈದ ಎಂಬುದು ಉಳಿಯಿತು, ಅವರಿಗೆ ಅಷ್ಟು ಸಾಕಿತ್ತು.

ಭಾನುವಾರ ಮಧ್ಯಾಹ್ನ ಅಪ್ಪ ಮಗಳು ಜೇಬುಬೀದಿಗೆ ಹೋದರು. ಆಯೋಗದ ಪೆನ್ಸಿಲು ಎಳೆದ ಒಂದು ಗೆರೆ ಈ ಬೀದಿಯ ಮಧ್ಯೆಯೇ ಹಾದಿತ್ತು. ಎಡಗಡೆಯ ಮನೆಗಳು ಒಂದು ಕ್ಷೇತ್ರ, ಬಲಗಡೆಯವು ಇನ್ನೊಂದು. ಎದುರುಬದುರು ಮನೆಯವರು ಬೇರೆ ಬೇರೆ ಸಂಸದರನ್ನು ಬೈದುಕೊಂಡು ಒಂದೇ ನಲ್ಲಿಯ ನೀರು ಹಿಡಿಯುತ್ತಿದ್ದರು. ಫೈಲಕ್ಕನ ಮನೆಯ ಮುಂದೆ ಎರಡು ಬೆಂಚು, ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಕುರ್ಚಿ ಬೈಂಡರಿಗೆ. ಏಳೆಂಟು ಜನ ವಯಸ್ಸಾದವರು ಬಂದು ಕೂತಿದ್ದರು. ಅಂದು ಮತ ಹಾಕಿದವರಲ್ಲಿ ಉಳಿದವರು.

ಬೈಂಡರ್ ಹೇಳಿದರು. ಪ್ರೆಸ್ಸು, ದಾರ, ಮೇಲ್ಹಾಳೆ, ಐವತ್ತು ಕಟ್ಟು, ಗಂಟು ಬಿಚ್ಚದ ಅಧಿಕಾರಿ. ಮುಗಿದ ಮೇಲೆ ಗೋಡೆಗೊರಗಿದ್ದ ಒಬ್ಬ ಅಜ್ಜಿ ಕೇಳಿದಳು, “ಅಂದ್ರೆ ಗೆದ್ದಿದ್ದು ಯಾರು?”

“ಮೇಷ್ಟ್ರು.”

“ಅದು ನಮಗೆ ಆಗ್ಲೇ ಗೊತ್ತಿತ್ತು ಬಿಡು. ನಾವೇ ಹಾಕಿದ್ವಲ್ಲ.” ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಮೇಷ್ಟ್ರಿಗೆ ಗೊತ್ತಾಗ್ಲಿಲ್ಲ. ಆಮೇಲೆ ಅವರು ಪಾಠಕ್ಕೆ ಬರ್ಲೇ ಇಲ್ಲ ನೋಡು. ‘ನನ್ನ ಜನಾನೇ ಹಿಂಗೆ ಮಾಡಿದ್ರು’ ಅಂದ್ರಂತೆ. ನನಗೆ ಒತ್ತಕ್ಷರ ಬಾಕಿ ಇತ್ತು. ಹಂಗೇ ಉಳೀತು.”

ಬೈಂಡರಿಗೆ ಕ್ಷಮಿಸಿ ಎಂಬ ಮಾತು ಬಾಯಿಗೆ ಬಂತು. ಒತ್ತಕ್ಷರ ಕಲಿಯದೆ ಎಂಬತ್ತು ದಾಟಿದವಳ ಮುಂದೆ ಅದನ್ನು ಇಡಲು ನಾಚಿಕೆಯಾಗಿ ನುಂಗಿಕೊಂಡರು. ಅಜ್ಜಿಯೂ ಪರವಾಗಿಲ್ಲ ಎನ್ನಲಿಲ್ಲ.

“ಹೋಗೋಣ್ವಾ ಅಪ್ಪ?” ಎಂದು ಮಗಳು ಮೆಲ್ಲಗೆ ಕೇಳಿದಳು.

ಅಷ್ಟರಲ್ಲಿ ಎದುರುಸಾಲಿನಿಂದ, ಅಂದರೆ ಪಕ್ಕದ ಕ್ಷೇತ್ರದಿಂದ, ಇನ್ನೂ ನಾಲ್ಕು ಜನ ಬೀದಿ ದಾಟಿ ಬಂದರು. ಅಜ್ಜಿ ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು.

“ಇವರು ಈಗ ಬಂದ್ರು,” ಎಂದಳು ಬೈಂಡರಿಗೆ. “ಮೊದಲಿಂದ ಹೇಳು. ಜೋರಾಗಿ ಹೇಳು, ಇವನಿಗೆ ಕಿವಿ ಕೇಳ್ಸಲ್ಲ.”

ಬೈಂಡರ್ ಕುರ್ಚಿಯನ್ನು ಬೆಂಚಿನ ಹತ್ತಿರಕ್ಕೆ ಎಳೆದುಕೊಂಡು ಮೊದಲಿಂದ ಹೇಳತೊಡಗಿದರು.